ನೀರಿನಲ್ಲಿ ಹೈಡ್ರೋಜನ್ ಎರಡು ಅಂತ ಗೊತ್ತಾಗಿದ್ದು ಹೇಗೆ?

ಕುಮಟಾ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ತರಗತಿಗೆ ಬರುವ ಮಕ್ಕಳಿಗೆ ಎಚ್‌ಟುಓ ಬಾಯಿಪಾಠ ಆಗಿರುತ್ತದೆ. ಆ 'ಟು' ಹೇಗೆ ಗೊತ್ತಾಯಿತು ಅಂತ ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ಪರಮಾಣುವಿನ ಇತಿಹಾಸವನ್ನು ನಾನು ಈ ಪ್ರಶ್ನೆಯಿಂದಲೇ ಶುರುಮಾಡುವುದು. ಪರಮಾಣುವಿನ ಯೋಚನೆಯನ್ನು ಪ್ರಾಚೀನ ಕಾಲದಲ್ಲೇ ಮಾಡಿದ ಭಾರತದ ಕಣಾದ, ಗ್ರೀಸಿನ ಡೆಮಾಕ್ರಿಟಸ್ ಇಬ್ಬರನ್ನೂ ಬೇಗ ಮುಗಿಸುತ್ತೇನೆ. ಅವರ ಯೋಚನೆ ದೊಡ್ಡದು, ಆದರೆ ಅಳೆದು ನೋಡುವ ದಾರಿ ಅವರಿಗಿರಲಿಲ್ಲ.

ಮೊದಲು ನೀರನ್ನು ಒಡೆಯುತ್ತೇವೆ. 1800ರಲ್ಲಿ ವೋಲ್ಟಾ ಬ್ಯಾಟರಿಯ ಸುದ್ದಿ ಇಂಗ್ಲೆಂಡಿಗೆ ಮುಟ್ಟಿದ ಕೂಡಲೇ ನಿಕಲ್ಸನ್ ಮತ್ತು ಕಾರ್ಲೈಲ್ ಮಾಡಿದ ಕೆಲಸ ಇದು. ನಮ್ಮ ತರಗತಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಎರಡು ತೂತು, ಅವುಗಳಲ್ಲಿ ಪೆನ್ಸಿಲ್ ಕಡ್ಡಿ, ಸುತ್ತ ಎಂ-ಸೀಲ್. ಕಡ್ಡಿಗಳ ಮೇಲೆ ನೀರು ತುಂಬಿ ಬೋರಲಿಟ್ಟ ಪ್ರನಾಳಗಳು. ಹೊರಗೆ 9 ವೋಲ್ಟ್ ಬ್ಯಾಟರಿ. ಬರೀ ನೀರಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. "ಅಕ್ಕೋರೆ, ಸಮುದ್ರದ ನೀರೇ ಹಾಕಿದ್ರೆ ಆಗೂದಿಲ್ವಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲೇ ಹತ್ತಿರದ ಸಾಣಿಕಟ್ಟಾದ ಉಪ್ಪಿನ ಗದ್ದೆ ನೋಡಿ ಬೆಳೆದವರು, ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಉಪ್ಪು ಬೇಡ. ಅದರಿಂದ ಕ್ಲೋರಿನ್ ಬರುತ್ತದೆ, ಅದು ವಿಷ. ವಾಷಿಂಗ್ ಸೋಡಾ ಹಾಕಿ.

ಒಂದು ಪ್ರನಾಳದಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಅದರ ಸುಮಾರು ಅರ್ಧದಷ್ಟು ಆಕ್ಸಿಜನ್. ಅರ್ಧಕ್ಕಿಂತ ಸ್ವಲ್ಪ ಕಡಿಮೆಯೇ ಸಿಗುತ್ತದೆ, ಯಾಕೆಂದರೆ ಒಂದಷ್ಟು ಆಕ್ಸಿಜನ್ ಕಡ್ಡಿಯ ಇಂಗಾಲದ ಜೊತೆ ಸೇರಿಹೋಗುತ್ತದೆ.

ಎರಡು ಪಟ್ಟು ಇದ್ದರೆ ಎರಡು ಪರಮಾಣು, ಮುಗೀತಲ್ವಾ? ಮುಗಿಯಲಿಲ್ಲ. ಪರಮಾಣುಗಳಿಗೆ ತೂಕ ಲೆಕ್ಕಹಾಕಿದ ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ ಪ್ರಕಾರ ನೀರಿನಲ್ಲಿ ಒಂದು ಹೈಡ್ರೋಜನ್, ಒಂದು ಆಕ್ಸಿಜನ್. 9 ಗ್ರಾಂ ನೀರಿನಲ್ಲಿ 1 ಗ್ರಾಂ ಹೈಡ್ರೋಜನ್, 8 ಗ್ರಾಂ ಆಕ್ಸಿಜನ್ ಇರುತ್ತದೆ. ಹೈಡ್ರೋಜನ್ ಪರಮಾಣುವಿನ ತೂಕ 1 ಅಂತಿಟ್ಟುಕೊಳ್ಳಿ. ಒಂದಕ್ಕೊಂದು ಅಂದರೆ ಆಕ್ಸಿಜನ್ ಪರಮಾಣುವಿನ ತೂಕ 8. ಎರಡಕ್ಕೊಂದು ಅಂದರೆ 16. ತಕ್ಕಡಿಗೆ ಎರಡೂ ಸರಿ! (ಆಗಿನ ಅಳತೆಯಲ್ಲಿ ಡಾಲ್ಟನ್ನರಿಗೆ 1808ರಲ್ಲಿ ಸಿಕ್ಕಿದ್ದು 7.) ತೂಕವೊಂದರಿಂದಲೇ ಈ ಜಗಳ ಬಗೆಹರಿಯುವುದಿಲ್ಲ ಎಂಬುದು ಮಕ್ಕಳಿಗೆ ಹೊಳೆಯುವವರೆಗೆ ನಾನು ಮುಂದೆ ಹೋಗುವುದೇ ಇಲ್ಲ.

ಆಮೇಲೆ ಬೀಜಗಳನ್ನು ಹರಡುತ್ತೇನೆ. ಹುಣಸೆ ಬೀಜ ಹೈಡ್ರೋಜನ್, ಗೇರುಬೀಜ ಆಕ್ಸಿಜನ್. ಅದೇ 1808ರಲ್ಲಿ ಫ್ರಾನ್ಸಿನ ಗೇ-ಲುಸಾಕ್ ತೋರಿಸಿದಂತೆ, ಗಾತ್ರದ ಲೆಕ್ಕದಲ್ಲಿ ಎರಡು ಪಾಲು ಹೈಡ್ರೋಜನ್ ಒಂದು ಪಾಲು ಆಕ್ಸಿಜನ್ ಜೊತೆ ಸೇರುತ್ತದೆ. ಹುಟ್ಟುವ ಹಬೆ ಎರಡು ಪಾಲು. ಯಾವ ಅನಿಲದ್ದಾದರೂ ಒಂದೊಂದು ಪಾಲಿನಲ್ಲೂ ಒಂದೇ ಸಂಖ್ಯೆಯ ಕಣಗಳಿದ್ದರೆ, ಒಂದು ಗೇರುಬೀಜ ಎರಡು ನೀರಿಗೆ ಹಂಚಿಹೋಗಬೇಕು. ಪರಮಾಣುವನ್ನು ಒಡೆಯುವುದು ಹೇಗೆ? ಡಾಲ್ಟನ್ ಇದನ್ನು ಒಪ್ಪಲಿಲ್ಲ. ಕೆಲವು ಮಕ್ಕಳು ತಾವಾಗಿಯೇ ಗೇರುಬೀಜಗಳನ್ನು ಜೋಡಿ ಮಾಡಿ ಇಡುತ್ತಾರೆ. ನನಗೆ ತುಂಬಾ ಖುಷಿ ಕೊಡುವ ಗಳಿಗೆ ಅದು. 1811ರಲ್ಲಿ ಇಟಲಿಯ ಅವೊಗಾಡ್ರೊ ಹೇಳಿದ್ದೂ ಅದನ್ನೇ: ಆಕ್ಸಿಜನ್ ಕಣವೇ ಜೋಡಿ, ಒಡೆಯುವುದು ಜೋಡಿ ಮಾತ್ರ. ಹೈಡ್ರೋಜನ್ ಕಣವೂ ಜೋಡಿಯೇ. ಹಾಗಾಗಿ ಒಂದೊಂದು ನೀರಿನ ಕಣಕ್ಕೆ ಎರಡು ಹೈಡ್ರೋಜನ್, ಒಂದು ಆಕ್ಸಿಜನ್.

ಅದನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಸುಮಾರು 50 ವರ್ಷ ಒಬ್ಬೊಬ್ಬರದು ಒಂದೊಂದು ಲೆಕ್ಕ. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ರಸಾಯನಶಾಸ್ತ್ರಜ್ಞರು ಸೇರಿದಾಗ ಇಟಲಿಯ ಕಾನಿಜಾರೊ ಅವೊಗಾಡ್ರೊ ಹೇಳಿದ್ದನ್ನು ಮತ್ತೆ ಎತ್ತಿದರು. ಕೇಳುತ್ತ ಕುಳಿತವರಲ್ಲಿ ಮೆಂಡಲೀವ್ ಇದ್ದರು. ಅವರ ಆವರ್ತ ಕೋಷ್ಟಕ ಬಂದದ್ದು 1869ರಲ್ಲಿ. ಪರಮಾಣು ತೂಕಗಳು ಸರಿಯಾಗದೆ ಅದು ಆಗುತ್ತಲೇ ಇರಲಿಲ್ಲ. ಹಾಗಾಗಿ ಪರಮಾಣುವಿನ ಒಳಗೆ ಏನಿದೆ ಅಂತ ಹುಡುಕಿದ ಥಾಮ್ಸನ್, ರುದರ್‌ಫರ್ಡ್ ಇಬ್ಬರಿಗಿಂತ ಮೊದಲೇ ನಾನು ಆ ಕೋಷ್ಟಕದ ಚಾರ್ಟನ್ನು ಗೋಡೆಗೆ ಹಾಕುತ್ತೇನೆ, ಪಠ್ಯದಲ್ಲಿ ಅದು ಮುಂದೆ ಬಂದರೂ.