ಮುಧೋಳದ ಬಾವಿಯಲ್ಲಿ ತಿಮಿಂಗಿಲ

ಸಮುದ್ರದ ಆಳಕ್ಕೆ ಸಾಮಾನ್ಯ ರೇಡಿಯೋ ಅಲೆ ಇಳಿಯುವುದಿಲ್ಲ. ಜಲಾಂತರ್ಗಾಮಿಗಳು ಆಳದಲ್ಲಿದ್ದುಕೊಂಡೇ ಮಾತಾಡಬೇಕಂದ್ರೆ ಹೆಚ್ಚಾಗಿ ಸದ್ದೇ ಗತಿ. ಸದ್ದು ಮಾಡಿದರೆ ಇರುವ ಜಾಗ ಗೊತ್ತಾಗಿಬಿಡುತ್ತದೆ. ಕೇಳಿದವರು ಅದನ್ನು ತಿಮಿಂಗಿಲದ್ದು ಅಂತ ನಂಬಿಬಿಟ್ಟರೆ? ಅಮೆರಿಕದ ನೌಕಾಪಡೆ 1970ರ ದಶಕದಲ್ಲೇ 'ಕಾಂಬೋ' ಯೋಜನೆಯಲ್ಲಿ ಇದನ್ನು ಪರೀಕ್ಷಿಸಿತ್ತು. ನಾನು ಮಾಡಿ ನೋಡಿದ್ದು ಮುಧೋಳದ ಹತ್ತಿರ, ಕಾಕಾನ ಕಬ್ಬಿನ ಹೊಲದ ಬಾವಿಯಲ್ಲಿ.

ಸ್ಪರ್ಮ್ ವೇಲ್ ಅನ್ನುವ ಜಾತಿಯ ತಿಮಿಂಗಿಲವನ್ನು ಆರಿಸಿಕೊಂಡೆ. ಅದು ಹಾಡುವುದಿಲ್ಲ. ಆಳದಲ್ಲಿ ಬೇಟೆ ಹುಡುಕುವಾಗ ಅರ್ಧ ಸೆಕೆಂಡಿಗೋ ಒಂದೆರಡು ಸೆಕೆಂಡಿಗೋ ಒಮ್ಮೆ ಟಕ್ ಅನ್ನುತ್ತಾ ಹೋಗುತ್ತದೆ. ನಾನು ಆ ಟಕ್ ಮುಟ್ಟಲಿಲ್ಲ, ನಡುವಿನ ಸಮಯ ಮಾತ್ರ ಬದಲಿಸಿದೆ. ಕಳಿಸುವ ಮಾತನ್ನು ಕಂಪ್ಯೂಟರಿನ ಹಾಗೆ 0, 1ಗಳಾಗಿ ಬರೆದುಕೊಂಡೆ. 0 ಇದ್ದರೆ ಇದ್ದ ಹಾಗೆ, 1 ಇದ್ದರೆ 40 ಮಿಲಿಸೆಕೆಂಡ್ ತಡ. ಎಲ್ಲ ಅಂತರವೂ ಒಂದೇ ಸಮ ಇದ್ದರೆ ಯಂತ್ರ ಅಂತ ತಕ್ಷಣ ಗೊತ್ತಾಗುತ್ತದೆ. ಅದಕ್ಕೇ ನಿಜವಾದ ರೆಕಾರ್ಡಿಂಗಿನಿಂದ ಅಂತರಗಳ ಪಟ್ಟಿ ತೆಗೆದು, ಕಳಿಸುವ ಲ್ಯಾಪ್‌ಟಾಪಿನಲ್ಲೂ ಕೇಳುವ ಲ್ಯಾಪ್‌ಟಾಪಿನಲ್ಲೂ ಇಟ್ಟೆ. ಪಟ್ಟಿ ಇಲ್ಲದವರಿಗೆ ಅದು ಬರೀ ತಿಮಿಂಗಿಲ.

ಒಂದು ಅಂತರಕ್ಕೆ ಒಂದೇ ಬಿಟ್, ಅಂದರೆ ಒಂದು 0 ಅಥವಾ 1. ಸಿಕ್ಕಾಪಟ್ಟೆ ನಿಧಾನ. ಕಂಪ್ಯೂಟರುಗಳು ಅಕ್ಷರ ಬರೆದಿಡುವ ಯುಟಿಎಫ್-8 ಲೆಕ್ಕದಲ್ಲಿ 'ಬಾ' ಕಳಿಸಲು 48 ಬಿಟ್ ಬೇಕು. ನಮ್ಮ ವರ್ಣಮಾಲೆಯ 49 ಅಕ್ಷರಕ್ಕೆ 6 ಬಿಟ್ ಸಾಕಲ್ವಾ? ಬ್, ಆ ಅಂತ ಬಿಡಿಸಿದರೆ 12ಕ್ಕೆ ಮುಗಿಯಿತು.

ಸಾಮಾನು ದೊಡ್ಡದೇನಲ್ಲ. ಬಜರ್ ಒಳಗಿನ ಪಿಯೆಜೋ ಬಿಲ್ಲೆ ಎರಡು (ಕರೆಂಟನ್ನು ಸದ್ದಾಗಿ, ಸದ್ದನ್ನು ಕರೆಂಟಾಗಿ ಬದಲಿಸುವಂಥವು), ವೈರ್ ಬೆಸೆದು, ನೀರು ಹೋಗದಂತೆ ಎಪಾಕ್ಸಿ ಅಂಟು ಮೆತ್ತಿದ್ದು. ಒಂದು ಆಂಪ್ಲಿಫೈಯರಿಗೆ, ಇನ್ನೊಂದು ಮೈಕ್ ಜಾಕಿಗೆ. ತ್ರೀ ಫೇಸ್ ಕರೆಂಟ್ ಹೋಗಿ ಪಂಪ್‌ಸೆಟ್ ನಿಂತ ಮೇಲೇ ಕೆಲಸ. ಕಾಟ ಕೊಟ್ಟಿದ್ದು ಕಲ್ಲಿನ ಗೋಡೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಗೋಡೆಗೆ ಬಡಿದು ವಾಪಸ್ ಬರಲು 10 ಮಿಲಿಸೆಕೆಂಡೂ ಬೇಡ. ಸ್ಕ್ರೀನ್ ಮೇಲೆ ಒಂದೊಂದು ಟಕ್ ಹಿಂದೆಯೂ ಸಣ್ಣ ಸಣ್ಣ ಗೆರೆಗಳ ಸಾಲು. ಮೊದಲ ಗೆರೆ ಹಿಡಿದು, ಆಮೇಲಿನ 200 ಮಿಲಿಸೆಕೆಂಡ್ ಕಿವಿ ಮುಚ್ಚಿಕೋ ಅಂತ ಪ್ರೋಗ್ರಾಮಿಗೆ ಹೇಳಿದೆ. ಅಕ್ಷರ ಸರಿಯಾಗಿ ಬಂದವು.

ಸ್ಪೀಕರಿನಲ್ಲಿ ಕೇಳಿದ ಕಾಕಾ, "ಮೋಟರಿನ ಬೇರಿಂಗ್ ಹೋಗೇತೇನೋ ತಮ್ಮಾ?" ಅಂದರು. ಈ ವಿದ್ಯೆಯ ಕಷ್ಟ ಇರುವುದೇ ಇಲ್ಲಿ. ಸ್ಪರ್ಮ್ ವೇಲ್ ಆಳ ಸಮುದ್ರದ ಪ್ರಾಣಿ. ಕಾರವಾರದ ದಂಡೆಯ ತೆಳು ನೀರಿನಲ್ಲಿ ಅದರ ಸದ್ದು ಬಂದರೂ ಬಲ್ಲವರ ಕಿವಿ ನಿಮಿರುತ್ತದೆ, ಇನ್ನು ಮುಧೋಳದ ಬಾವಿ ಕೇಳಬೇಕಾ! ನಮ್ಮ ಬಾವಿಗೆ ಸವೆದ ಬೇರಿಂಗಿನ ಕಟಕಟವೇ ಒಳ್ಳೆಯ ವೇಷ. ಈಗ ಅದನ್ನೇ ರೆಕಾರ್ಡ್ ಮಾಡುತ್ತಿದ್ದೇನೆ.