ಒಂದು ಮಿಲಿಸೆಕೆಂಡಿನ ಶಾಖ ಅಳೆಯುವ ಗೇಜ್ ಮಾಡುವುದು ಹೇಗೆ

ಬೆಂಗಳೂರಿನ ನಮ್ಮ ಲ್ಯಾಬಿನ ಶಾಕ್ ಟನಲ್‌ನಲ್ಲಿ (ಒತ್ತಡದ ಅನಿಲವನ್ನು ಒಮ್ಮೆಲೇ ಬಿಟ್ಟು ಭಾರೀ ವೇಗದ ಹರಿವು ಹುಟ್ಟಿಸುವ ಕೊಳವೆ), ಸದ್ದಿಗಿಂತ ಐದು ಪಟ್ಟಿಗೂ ಜಾಸ್ತಿ ವೇಗದ ಗಾಳಿ ಪರೀಕ್ಷೆಗೆ ಇಟ್ಟ ಮಾಡೆಲ್ ಮೇಲೆ ಸ್ಥಿರವಾಗಿ ಹರಿಯುವುದು ಸುಮಾರು ಒಂದು ಮಿಲಿಸೆಕೆಂಡ್ ಮಾತ್ರ. ಅನಿಲವನ್ನು ತಡೆದಿಟ್ಟ ಹಾಳೆ, ಅಂದರೆ ಡಯಾಫ್ರಂ, ಢಂ ಅಂತ ಒಡೆಯುತ್ತದೆ, ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅಷ್ಟರಲ್ಲಿ ಮಾಡೆಲ್‌ಗೆ ಎಷ್ಟು ಶಾಖ ತಾಗಿತು ಅಂತ ಹೇಳುವುದು ಪ್ಲಾಟಿನಂ ಗೇಜ್: ಒಂದು ತೆಳು ಪ್ಲಾಟಿನಂ ಗೆರೆ, ಬಿಸಿಯಾದಂತೆ ಅದರ ವಿದ್ಯುತ್ ರೋಧ (ಓಮ್) ಏರುತ್ತದೆ. ಅದನ್ನು ನಾವು ಕೈಯಲ್ಲೇ ಬರೆಯುತ್ತೇವೆ. ನಾನು ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ.

ಗೇಜ್ ಕೂರುವುದು ಮೇಕಾರ್ ಎಂಬ ಸೆರಾಮಿಕ್ ಮೇಲೆ. ಒಂದು ಮಿಲಿಸೆಕೆಂಡಿನಲ್ಲಿ ಶಾಖ ಇದರೊಳಗೆ ಇಳಿಯುವುದು ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು. ಹಾಗಾಗಿ ಕೆಲವೇ ಮಿಲಿಮೀಟರ್ ದಪ್ಪದ ತುಂಡು ಸಾಕು, ಹಿಂಭಾಗಕ್ಕೆ ಬಿಸಿ ತಲುಪುವುದೇ ಇಲ್ಲ.

ತುಂಡನ್ನು ನಯವಾದ ಎಮರಿ ಪೇಪರ್‌ನಲ್ಲಿ ಉಜ್ಜಿ, ಅಸಿಟೋನ್‌ನಲ್ಲಿ ತೊಳೆದು ಒಣಗಿಸಿ. ಆಮೇಲೆ ಬೆರಳು ತಾಗಿಸಬೇಡಿ. ಬೆರಳಿನ ಜಿಡ್ಡು ಉಳಿದ ಜಾಗದಲ್ಲಿ ಪ್ಲಾಟಿನಂ ಏಳುತ್ತದೆ. ಸಣ್ಣ ಬ್ರಷ್‌ನಲ್ಲಿ ಪ್ಲಾಟಿನಂ ಪೇಸ್ಟಿನ ಗೆರೆ ಎಳೆಯಿರಿ, ಅಗಲ ಒಂದು ಮಿಲಿಮೀಟರಿಗಿಂತ ಕಡಿಮೆ ಇರಲಿ. ರಂಗೋಲಿ ಎಳೆಯಂತೆ ಒಂದೇ ಉಸಿರಿಗೆ ಬರಬೇಕು. ನಡುವೆ ನಿಂತರೆ ಅಲ್ಲಿ ದಪ್ಪ ಆಗುತ್ತದೆ. ಫರ್ನೇಸಿನಲ್ಲಿ ನಿಧಾನಕ್ಕೆ ಸುಮಾರು 650 ಡಿಗ್ರಿಗೆ ಏರಿಸಿ, ಬಾಗಿಲು ತೆಗೆಯದೆ ರಾತ್ರಿಯಿಡೀ ಆರಲು ಬಿಡಿ. ಬೆಳಿಗ್ಗೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಮಲ್ಟಿಮೀಟರ್ 50ರಿಂದ 100 ಓಮ್ ತೋರಿಸಿದರೆ ಚೆನ್ನ. ಜಾಸ್ತಿ ಇದ್ದರೆ ಇನ್ನೊಂದು ಕೋಟ್ ಬಳಿಯಿರಿ. ಎರಡೂ ತುದಿಗೆ ಸಿಲ್ವರ್ ಪೇಸ್ಟ್ ಹಚ್ಚಿ ವೈರ್ ಜೋಡಿಸಿ. ವೈರ್, ಕನೆಕ್ಟರ್ ಎಲ್ಲ ನಾನು ಎಸ್.ಪಿ. ರೋಡ್‌ನಿಂದಲೇ ತರುತ್ತೇನೆ.

ಈಗ ಕ್ಯಾಲಿಬ್ರೇಷನ್. ಇದನ್ನು ಮಾತ್ರ ಯಾರೂ ಹಾರಿಸಬೇಡಿ. ಗೇಜನ್ನು ಎಣ್ಣೆಯಲ್ಲಿ ಮುಳುಗಿಸಿ (ನೀರು ಬೇಡ, ಕರೆಂಟ್ ನೀರಿನಲ್ಲೂ ಹರಿದು ಲೆಕ್ಕ ಕೆಡುತ್ತದೆ), 80 ಡಿಗ್ರಿಗೆ ಕಾಯಿಸಿ ಹೀಟರ್ ಆರಿಸಿ. ಆರುತ್ತಾ ಬರುವಾಗ ಐದೈದು ಡಿಗ್ರಿಗೆ ಓಮ್ ಬರೆದುಕೊಳ್ಳಿ. ಡಿಗ್ರಿಗೆ ಎಷ್ಟು ಓಮ್ ಇಳಿಯಿತೋ ಅದನ್ನು ಕಾಯಿಸುವ ಮೊದಲು ಇದ್ದ ಓಮ್‌ನಿಂದ ಭಾಗಿಸಿದರೆ ಆ ಗೇಜಿನ ಗುಣಾಂಕ ಸಿಗುತ್ತದೆ. ಒಂದು ಸಲ ಆತುರದಲ್ಲಿ ನಾನು ಪಕ್ಕದ ಗೇಜಿನ ಗುಣಾಂಕವನ್ನೇ ಇನ್ನೊಂದಕ್ಕೂ ಹಾಕಿದೆ. ಕೋನ್ ಮಾಡೆಲ್‌ನ ಒಂದೇ ಜಾಗದಲ್ಲಿ ಶಾಖ ಜಾಸ್ತಿ ಬಂತು. ಅಲ್ಲಿ ಹರಿವು ಟರ್ಬುಲೆಂಟ್ ಆಗಿದೆ, ಅಂದರೆ ಸುಳಿಸುಳಿಯಾಗಿ ಕದಡಿ ಶಾಖ ಏರಿಸಿದೆ ಅಂತ ಎರಡು ದಿನ ಚರ್ಚೆ ಮಾಡಿದೆವು. ಮತ್ತೆ ಎಣ್ಣೆಗೆ ಹಾಕಿದಾಗ ಗೊತ್ತಾಯಿತು, ತಪ್ಪು ನನ್ನ ನೋಟ್‌ಬುಕ್‌ನಲ್ಲಿತ್ತು. ಕೈಯಲ್ಲಿ ಬರೆದ ಎರಡು ಗೇಜ್ ಯಾವತ್ತೂ ಒಂದೇ ಥರ ಇರುವುದಿಲ್ಲ.

ಟನಲ್‌ನಲ್ಲಿ 10ರಿಂದ 20 ಮಿಲಿಆಂಪ್ ಸ್ಥಿರ ಕರೆಂಟ್ ಕೊಡಿ. ಚದರ ಸೆಂಟಿಮೀಟರಿಗೆ 50 ವ್ಯಾಟ್ ಶಾಖ ತಾಗಿದರೂ ಒಂದು ಮಿಲಿಸೆಕೆಂಡಿನಲ್ಲಿ ಮೇಲ್ಮೈ ಏರುವುದು ಹತ್ತು ಡಿಗ್ರಿಯಷ್ಟೇ. ಗೇಜಿನ ವೋಲ್ಟೇಜ್ ಬದಲಾಗುವುದೂ ಸ್ವಲ್ಪವೇ, ಅದಕ್ಕೇ ಆಂಪ್ಲಿಫೈಯರ್ ಬೇಕು. ಸೆಕೆಂಡಿಗೆ ಹತ್ತು ಲಕ್ಷ ಸ್ಯಾಂಪಲ್ ದಾಖಲಿಸಿ. ವೋಲ್ಟೇಜನ್ನು ಆ ಗೇಜಿನ ಗುಣಾಂಕದಿಂದ ತಾಪಮಾನಕ್ಕೆ ತಿರುಗಿಸಿ. ತಾಪಮಾನವನ್ನು ಶಾಖಕ್ಕೆ ತಿರುಗಿಸಲು ಕುಕ್ ಮತ್ತು ಫೆಲ್ಡರ್‌ಮನ್ 1966ರಲ್ಲಿ ಕೊಟ್ಟ ವಿಧಾನ ಇವತ್ತಿಗೂ ಸಾಕು. ಶಾಖ ಸ್ಥಿರವಾಗಿದ್ದರೆ, ನಾಲ್ಕು ಪಟ್ಟು ಸಮಯಕ್ಕೆ ತಾಪಮಾನ ಎರಡೇ ಪಟ್ಟು ಏರಬೇಕು. ಗ್ರಾಫ್ ಹಾಗೆ ಬಾಗದೆ ನೇರ ಹೋದರೆ ಆ ಶಾಟ್, ಅಂದರೆ ಆ ಸಲದ ಪ್ರಯೋಗ, ನಂಬಬೇಡಿ. ದುಂಡು ಮೂತಿಯ ಮಾಡೆಲ್ ಆದರೆ ತುದಿಯ ಅಳತೆಯನ್ನು, ಅಲ್ಲಿ ಎಷ್ಟು ಶಾಖ ತಾಗಬೇಕು ಅಂತ ಹೇಳುವ ಫೇ ಮತ್ತು ರಿಡೆಲ್ ಅವರ 1958ರ ಸೂತ್ರದ ಜೊತೆ ಹೋಲಿಸಿ ನೋಡಿ.

ಶಾಟ್ ಆದ ತಕ್ಷಣ ಮತ್ತೆ ಓಮ್ ಅಳೆಯಿರಿ. ಡಯಾಫ್ರಂ ಚೂರು ಬಡಿದು ಗೆರೆ ಕೆರೆದುಹೋಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮಾಡೆಲ್ ಬಿಚ್ಚಿ, ಆ ಗೇಜನ್ನು ಮತ್ತೆ ಎಣ್ಣೆಗೆ ಹಾಕಿ.