ಕಪ್ಪು ಹಾಳೆಯ ಮೇಲೆ ಒಂದು ಕೃಷ್ಣಕಮಲ

ನಾನು ಕಾಗದ ಕತ್ತರಿಸಿ ಹೂವು ಮಾಡುತ್ತೇನೆ. ಹೂದಾನಿಯಲ್ಲಿಡುವ ಕಾಗದದ ಹೂವಲ್ಲ. ಕಪ್ಪು ಹಾಳೆಗೆ ಅಂಟಿಸಿದ ಒಂದು ರೆಂಬೆ, ನಾಲ್ಕಾರು ಎಲೆ, ಅರಳಿದ ಒಂದು ಹೂವು, ಎಲ್ಲವೂ ಇರುವ ಅಳತೆಯಲ್ಲೇ. ಈ ದಾರಿ ಹಾಕಿಕೊಟ್ಟವರು ಇಂಗ್ಲೆಂಡಿನ ಮೇರಿ ಡಿಲೇನಿ. 1772ರಲ್ಲಿ, ತಮ್ಮ 72ನೆಯ ವಯಸ್ಸಿನಲ್ಲಿ ಅವರು ಕತ್ತರಿ ಹಿಡಿದರು. ಕಣ್ಣು ಮಂಜಾಗಿ ಕೆಲಸ ನಿಲ್ಲಿಸುವ ಹೊತ್ತಿಗೆ ಹತ್ತಿರ ಹತ್ತಿರ ಸಾವಿರ ಚಿತ್ರಗಳಾಗಿದ್ದವು. ಅವು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಎರಡೂವರೆ ಶತಮಾನ ಹಳೆಯ ಈ ಕ್ರಮ ಇವತ್ತಿನ ಕಲೆ ಹೇಗಾದೀತು ಎಂದು ಕೇಳುವವರಿದ್ದಾರೆ. ನನಗೆ ಆ ಪ್ರಶ್ನೆಯೇ ಅಷ್ಟು ಮುಖ್ಯವೆನಿಸುವುದಿಲ್ಲ. ಗಿಡಗಳಿಂದ ಸ್ಫೂರ್ತಿ ಪಡೆದದ್ದೆಂದು ಗ್ಯಾಲರಿಗಳಲ್ಲಿ ತೂಗುಹಾಕುವ ಎಷ್ಟೋ ಕೃತಿಗಳು ಗೋಡೆಗೆ ಅಂಟಿಸುವ ವಿನ್ಯಾಸದ ಕಾಗದದಂತಿರುತ್ತವೆ: ಒಂದೇ ಎಲೆ ನೂರು ಸಲ. ಅಲ್ಲಿ ಗೀಳಿದೆ, ಗಿಡವಿಲ್ಲ.

ಜರ್ಮನಿಯ ಕಲಾವಿದ ವೋಲ್ಫ್‌ಗಾಂಗ್ ಲೈಬ್ ಅವರದು ಇದಕ್ಕೆ ತದ್ವಿರುದ್ಧ. ವರ್ಷಗಟ್ಟಲೆ ಕೈಯಾರೆ ಕೊಡವಿ ಕೂಡಿಟ್ಟ ಹೇಜಲ್ ಗಿಡದ ಪರಾಗವನ್ನು 2013ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ನೆಲದ ಮೇಲೆ ಜರಡಿ ಹಿಡಿದು, ಸುಮಾರು 18 ಅಡಿಗೆ 21 ಅಡಿಯ ಹಳದಿ ಹಾಸಾಗಿ ಹರಡಿದರು. ಒಂದು ಗೆರೆಯನ್ನೂ ಎಳೆಯಲಿಲ್ಲ. ಗೀಳೆಲ್ಲ ಕೂಡಿಡುವುದರಲ್ಲೇ ಮುಗಿದಿತ್ತು. ಗೀಳನ್ನು ಕೃತಿಯ ಯಾವ ಜಾಗದಲ್ಲಿ ಇಡಬೇಕು ಎಂಬುದನ್ನು ನಾನು ಯೋಚಿಸತೊಡಗಿದ್ದು ಆ ಕೃತಿಯಿಂದ. ಎಲ್ಲ ಕಡೆಯೂ ಅಷ್ಟೇ ಶ್ರದ್ಧೆ ಸುರಿದರೆ ನೋಡುವವರ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ಹಾಗಾಗಿ ಪ್ರತಿ ಗಿಡಕ್ಕೂ ಒಂದು ಜಾಗ ಮಾತ್ರ ಗೊತ್ತುಮಾಡುತ್ತೇನೆ.

ಕೃಷ್ಣಕಮಲದಲ್ಲಿ ಆ ಜಾಗ ನಡುವಿನ ಎಳೆಗಳ ಬಳೆ. ಹೊರಗೆ ಐದು ಪುಷ್ಪಪತ್ರ (ಮೊಗ್ಗನ್ನು ಹೊದ್ದಿರುವ ಹೊರ ಎಸಳು), ಐದು ದಳ. ಬಣ್ಣದಲ್ಲಿ ಎರಡೂ ಒಂದೇ ಎನ್ನುವಷ್ಟು ಹತ್ತಿರ, ಆದರೆ ಪುಷ್ಪಪತ್ರದ ತುದಿಯ ಹಿಂಬದಿಯಲ್ಲಿ ಒಂದು ಪುಟ್ಟ ಕೊಕ್ಕೆ ಇರುತ್ತದೆ. ಅದರ ಒಳಗೆ ಎಳೆಗಳು, ನಡುವೆ ಕಂಬದಂತೆ ಎದ್ದ ದಿಂಡಿನ ಮೇಲೆ ಪರಾಗ ಹೊತ್ತ ಐದು ಕೇಸರ, ತುದಿಯಲ್ಲಿ ಪರಾಗ ಹಿಡಿಯುವ ಮೂರು ಶಲಾಕೆ. ಹೂವಿನ ಆಯುಸ್ಸು ಹೆಚ್ಚುಕಡಿಮೆ ಒಂದು ದಿನ. ಅಷ್ಟರೊಳಗೂ ಅದು ಸುಮ್ಮನಿರುವುದಿಲ್ಲ: ಅರಳಿದ ಹೊಸದರಲ್ಲಿ ಮೇಲಕ್ಕೆ ನಿಂತ ಶಲಾಕೆಗಳು ಬರಬರುತ್ತ ಬಾಗಿ ಪರಾಗಕೋಶಗಳ ಮಟ್ಟಕ್ಕೆ ಇಳಿಯುತ್ತವೆ. ಆದ್ದರಿಂದ ಮೊದಲು ಬಿಡಿಸಿಕೊಳ್ಳುವುದು ಶಲಾಕೆಗಳನ್ನೇ, ಪಕ್ಕದಲ್ಲಿ ಗಂಟೆ ನಮೂದಿಸಿ. ಕತ್ತರಿಯನ್ನು ಆ ದಿನ ಮುಟ್ಟುವುದೇ ಇಲ್ಲ. ಉಳಿದ ಹೊತ್ತೆಲ್ಲ ಬಣ್ಣದ ಟಿಪ್ಪಣಿಗೆ: ಕಿಟಕಿಯ ಬೆಳಕಿನಲ್ಲಿ ಬಣ್ಣ ಬೆರೆಸಿ, ಕಾಗದದ ಚೂರಿಗೆ ಬಳಿದು, ಒಣಗಿದ ಮೇಲೆ ದಳದ ಪಕ್ಕಕ್ಕೆ ಹಿಡಿದು ನೋಡುತ್ತೇನೆ. ಫೋಟೋ ತೆಗೆದಿಡುವುದು ಆಕಾರಕ್ಕೆ ಮಾತ್ರ. ನೀಲಿ ನೇರಳೆಗಳ ವಿಷಯದಲ್ಲಿ ಮೊಬೈಲ್ ಕ್ಯಾಮೆರಾ ನಂಬುವಂಥದ್ದಲ್ಲ.

ಹಿಪ್ಪುನೇರಳೆಯ ಜಾತಿಯ ಗಿಡದ ತೊಗಟೆಯಿಂದ ಮಾಡಿದ ತೆಳು ಕಾಗದ ನನಗೆ ಒಗ್ಗಿದೆ. ಯಾವ ಕಾಗದವಾದರೂ ನಾರಿನ ದಿಕ್ಕು ನೋಡಿಕೊಳ್ಳಬೇಕು. ಅಂಟು ತಗುಲಿದಾಗ ಕಾಗದ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ. ದಳದ ಉದ್ದ ನಾರಿನ ಉದ್ದಕ್ಕೇ ಬಂದರೆ ದಳ ಎಷ್ಟು ಬೇಕೋ ಅಷ್ಟೇ ದೋಣಿಯಾಕಾರಕ್ಕೆ ಬಾಗುತ್ತದೆ. ಗೋಧಿ ಪಿಷ್ಟದ ತೆಳು ಅಂಟು ಸಾಕು. ಪ್ಲಾಸ್ಟಿಕ್ ಆಧಾರದ ಬಿಳಿ ಅಂಟು ಕಪ್ಪು ಹಾಳೆಯ ಮೇಲೆ ಹೊಳೆಯುತ್ತದೆ, ಆ ಹೊಳಪನ್ನು ಆಮೇಲೆ ಯಾರೂ ತೆಗೆಯಲಾರರು.

ಎಳೆಗಳ ಕೆಲಸ ಹೀಗೆ. ಒಂದೊಂದು ಎಳೆಗೂ ಮೂರು ಬಣ್ಣ: ಬುಡದಲ್ಲಿ ಗಾಢ ನೇರಳೆ, ನಡುವೆ ಬಿಳಿ, ತುದಿಗೆ ನೀಲಿ. ಕತ್ತರಿಸಿದ ಮೇಲೆ ಇಷ್ಟು ಸಣ್ಣ ಚೂರಿಗೆ ಬಣ್ಣ ಹಚ್ಚುವುದು ಆಗದ ಮಾತು. ಹಾಗಾಗಿ ಮೊದಲೇ ಕಾಗದದ ಮೇಲೆ ಮೂರು ಪಟ್ಟೆ ಬಳಿದು, ಒಣಗಿದ ಮೇಲೆ ಪಟ್ಟೆಗಳಿಗೆ ಅಡ್ಡವಾಗಿ ಕೂದಲೆಳೆಯಂತೆ ಕತ್ತರಿಸುತ್ತೇನೆ. ಪಟ್ಟೆಯ ಅಂಚು ಬೇಕೆಂದೇ ಅಂಕುಡೊಂಕಾಗಿರುತ್ತದೆ. ಇಲ್ಲವಾದರೆ ಎಲ್ಲ ಎಳೆಯಲ್ಲೂ ಬಿಳಿ ಒಂದೇ ಎತ್ತರದಲ್ಲಿ ಶುರುವಾಗಿ ಹೂವು ಅಚ್ಚು ಹೊಡೆದ ಹಾಗೆ ಕಾಣುತ್ತದೆ. ಕತ್ತರಿ ಹಿಡಿದ ಕೈ ಅಲುಗಬಾರದು, ಎಡಗೈ ಕಾಗದವನ್ನು ತಿರುಗಿಸಬೇಕು. ಕತ್ತರಿಸಿದ ಎಳೆಯನ್ನು ಚಿಮಟದಿಂದ ಹಿಡಿದರೆ ಜಜ್ಜಿಹೋಗುತ್ತದೆ, ಒದ್ದೆ ಕುಂಚದ ತುದಿಗೆ ಅಂಟಿಸಿಕೊಂಡು ಎತ್ತಬೇಕು. ಎಳೆಗಳು ಗಡಿಯಾರದ ಗೀಟುಗಳಂತೆ ಸಮದೂರದಲ್ಲಿ ನಿಂತಿರುವುದಿಲ್ಲ. ಕೆಲವು ಪಕ್ಕದವುಗಳ ಮೇಲೆ ಹತ್ತಿರುತ್ತವೆ, ಕೆಲವು ಕಡೆ ಸಂದಿ ಬಿದ್ದಿರುತ್ತದೆ. ಆ ಸಂದಿಗಳನ್ನು ನೋಡಿದ ಹಾಗೆಯೇ ಇಡುತ್ತೇನೆ. ಸುಂದರವಾಗಲಿ ಎಂದು ತುಂಬಿದರೆ ಅದು ನಾನು ನೋಡಿದ ಹೂವಲ್ಲ.

ಇನ್ನು ಎಲೆ. ಒಂದೇ ಕತ್ತರಿಕೆ, ಒಂದೇ ಹಸಿರು, ನಡುನರ ಒಂದು, ಅಷ್ಟೇ. ಹುಳ ತಿಂದ ತೂತಿದ್ದರೆ ತೂತು. ಎಲೆ ಇನ್ನೂ ಮುಗಿದಿಲ್ಲವೇ ಎಂದು ಕೇಳಿದವರಿಗೆ ಮುಗಿದಿದೆ ಎನ್ನುತ್ತೇನೆ. ಎಲೆ ಸುಮ್ಮನಿದ್ದರೇ ಎಳೆಗಳು ಮಾತಾಡುವುದು.

ಬಣ್ಣ ಉಳಿಯುವ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಅಲಿಜರಿನ್ ಕ್ರಿಮ್‌ಸನ್ ಎಂಬ ಕಡುಗೆಂಪು ಬಣ್ಣ ನೋಡಲು ಚೆಂದ, ಬಿಸಿಲಿಗೆ ಮಾಸುತ್ತದೆ. ಆ ಜಾಗಕ್ಕೆ ಸುಲಭವಾಗಿ ಮಾಸದ ಕ್ವಿನಾಕ್ರಿಡೋನ್ ಕೆಂಪು ಬಳಸುತ್ತೇನೆ. ಹೊಸ ಬಣ್ಣ ಬಂದರೆ ಪಟ್ಟಿ ಬಳಿದು, ಅರ್ಧ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ ತಿಂಗಳುಗಟ್ಟಲೆ ಬಿಡುತ್ತೇನೆ. ಚೌಕಟ್ಟು ಹಾಕುವಾಗ ಗಾಜು ಕಾಗದವನ್ನು ಮುಟ್ಟದಂತೆ ಅಂಚಿಗೆ ಪಟ್ಟಿ ಕೊಡಬೇಕು, ಇಲ್ಲವಾದರೆ ಎದ್ದು ನಿಂತ ದಳಗಳೆಲ್ಲ ಚಪ್ಪಟೆ.

ಲೇಸರ್ ಯಂತ್ರದಲ್ಲಿ ಕತ್ತರಿಸಬಹುದಲ್ಲ ಎಂಬ ಸಲಹೆ ಪ್ರತಿ ಪ್ರದರ್ಶನದಲ್ಲೂ ಸಿಗುತ್ತದೆ. ಕತ್ತರಿಸಬಹುದು. ಕಾಗದದ ಅಂಚು ಸ್ವಲ್ಪ ಸುಟ್ಟು ಕಂದಾಗುತ್ತದೆ, ಅದನ್ನೂ ಸಹಿಸಿಕೊಳ್ಳಬಹುದು. ಆದರೆ ಹಾಗೆ ಮಾಡುವಾಗ ನಾನು ಹೂವಿನ ಬದಲು ಪರದೆಯ ಮೇಲಿನ ಗೆರೆಯನ್ನು ನೋಡುತ್ತಿರುತ್ತೇನೆ, ಎಳೆ ಎಳೆಯಾಗಿ ನೋಡುವ ಕೆಲಸವೇ ತಪ್ಪಿಹೋಗುತ್ತದೆ.

ಸದ್ಯ ಮೇಜಿನ ಮೇಲಿರುವುದು ಕಾಡು ಕ್ಯಾರೆಟ್ ಗಿಡದ ಹೂಗೊಂಚಲು. ಕೊಡೆಯಂತೆ ಬಿಚ್ಚಿಕೊಂಡ ನೂರಾರು ಬಿಳಿ ಹೂಗಳು, ಕೆಲವೊಮ್ಮೆ ನಟ್ಟನಡುವೆ ಕಡುಗೆಂಪು ಬಣ್ಣದ ಒಂದೇ ಒಂದು ಹೂವು. ಎಲ್ಲರ ಕಣ್ಣು ಆ ಕೆಂಪು ಚುಕ್ಕೆಗೆ ಹೋಗುತ್ತದೆ, ಅದಕ್ಕೆ ನಾನು ಸಹಾಯ ಮಾಡಬೇಕಾದ್ದೇನೂ ಇಲ್ಲ. ಈ ಸಲ ಗೀಳನ್ನು ಕೊಡೆಯ ಕೆಳಗಿನ ತೊಟ್ಟುಗಳಿಗೆ ಇಟ್ಟಿದ್ದೇನೆ. ಅಂಚಿನ ತೊಟ್ಟುಗಳು ನಡುವಿನವಕ್ಕಿಂತ ಉದ್ದ, ಬಾಗುವ ರೀತಿಯೂ ಬೇರೆ. ಬಿಳಿ ಹೂಗಳನ್ನು ಅಂಟಿಸುವ ಮೊದಲು ಅವೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂರಬೇಕು.